ಕರಿಮಡ್ಡಿ ದೇವಾಲಯದ ತಗ್ಗು ಬಾಗಿಲು

ಕರಿಮಡ್ಡಿಯ ಕ್ರೈಸ್ತ ದೇವಾಲಯಕ್ಕೆ ಇನ್ನೂ ಗೋಡೆ ಏಳುತ್ತಿದ್ದ ಕಾಲ. ಪೂಜ್ಯ ಪ್ರಭುದಾಸ ಅಯ್ಯನವರು ಸುಣ್ಣದ ಗಾಣದ ಪಕ್ಕದ ತಗಡಿನ ಜೋಪಡಿಯಲ್ಲಿ ವಾಸವಾಗಿದ್ದರು. ಹಗಲೆಲ್ಲ ಗಾರೆ ಹೊತ್ತು, ಸಂಜೆ ಅದೇ ಬಿರಿದ ಕೈಗಳಲ್ಲಿ ಸತ್ಯವೇದ ಹಿಡಿಯುತ್ತಿದ್ದರು.

ಪ್ರತಿ ಮನೆಯವರೂ ತಮ್ಮ ಮನೆಯಲ್ಲಿ ಬಳಸಿದ ಒಂದು ಕಲ್ಲನ್ನು ಕಟ್ಟಡಕ್ಕೆ ಕೊಡಬೇಕೆಂದು ಸಭೆ ನಿಶ್ಚಯಿಸಿತ್ತು. ಮೇಲಿನ ಕೇರಿಯವರ ಒರಳು, ಬೀಸುವ ಕಲ್ಲುಗಳು ಗೋಡೆ ಸೇರಿದವು. ತೊಗಲು ಹದಮಾಡುವ ಕೆಳಗಿನ ಕೇರಿಯವರ ಕಲ್ಲುಗಳು ಸಮಾಧಿ ಬಯಲಿನ ಬೇಲಿಗೆ ಹೋದವು. ಒಂದೇ ಬೋಗುಣಿಯ ನೀರಿನಿಂದ ದೀಕ್ಷಾಸ್ನಾನ ಪಡೆದ ಜನ, ತಲೆ ಆರುವ ಮೊದಲೇ ಮತ್ತೆ ಜಾತಿಯ ರುಮಾಲು ಸುತ್ತಿಕೊಂಡಿದ್ದರು.

ಹೀಗಿರಲು ಒಂದು ಬೆಳಿಗ್ಗೆ ಕೆಳಗಿನ ಕೇರಿಯ ಮಾರ್ಥವ್ವ ತಲೆಯ ಮೇಲೆ ಕಲ್ಲು ಹೊತ್ತು ಬಂದಳು. ಅದು ಅವಳ ಗಂಡ ಸೀಮೋನಪ್ಪ ತೊಗಲು ಬಡಿಯುತ್ತಿದ್ದ ಕಲ್ಲು. ಬಡಿದು ಬಡಿದು ನಡುವೆ ಕುಳಿ ಬಿದ್ದಿತ್ತು. ಇದೇ ದೇವಾಲಯಕ್ಕೆ ಕಲ್ಲು ಒಡೆಯುವಾಗ ಬಂಡೆ ಉರುಳಿ ಅವನು ಸತ್ತಿದ್ದ.

ಸಭೆಯ ಹಿರಿಯ ಆನಂದಪ್ಪಗೌಡರು ಅಡ್ಡ ಬಂದರು. "ಸತ್ತ ದನದ ತೊಗಲು ಬಡದ ಕಲ್ಲದು, ಮಾರ್ಥವ್ವ. ಬೇಲಿಗೆ ಇಡಸ್ತೀನಿ. ನಿನ್ನ ಗಂಡನ ಗೋರಿಗೂ ಹತ್ರ ಆಗ್ತೈತಿ."

"ನಿಮ್ಮ ಕಾಲಾಗಿನ ಕೆರ ಬಡದದ್ದೂ ಇದರ ಮ್ಯಾಲ ಐತ್ರೀ ಗೌಡ್ರ. ಅದನ್ನ ಮೆಟ್ಟಿಕೊಂಡ ನಿಂತೀರಲ್ಲ?"

ಗಾರೆ ಕಲಸುತ್ತಿದ್ದವರು ಮುಖ ತಿರುಗಿಸಿ ನಕ್ಕರು. ಮಾರ್ಥವ್ವ ನಗಲಿಲ್ಲ. ಅಯ್ಯನವರ ಕಡೆ ತಿರುಗಿದಳು. "ಅಯ್ಯಾರ, ಈ ದೇವಾಲಯದೊಳಗ ಅವಗ ಜಾಗ ಐತೋ ಇಲ್ಲೋ? ಇಲ್ಲಂದ್ರ ನಾನೂ ಇನ್ನ ಬರೂದಿಲ್ಲ."

ಅಯ್ಯನವರು ಗಾರೆಯ ಬುಟ್ಟಿ ಇಳಿಸಿದರು. ಅವಳ ತಲೆಯಿಂದ ಕಲ್ಲನ್ನು ತಾವೇ ಇಳಿಸಿಕೊಂಡು ಒಳಗೆ ನಡೆದು, ರೊಟ್ಟಿ ಮುರಿದು ಹಂಚುವ ಕರ್ತನ ಭೋಜನದ ಮೇಜಿಗಾಗಿ ಕಟ್ಟಿದ್ದ ಕಟ್ಟೆಯ ಮೇಲಿಟ್ಟರು.

"ಇದೇ ಮೇಜು" ಎಂದರು.

ಗೌಡರ ಮುಖ ಕಪ್ಪಿಟ್ಟಿತು. "ಹಂಗಾದ್ರ ನಾಳಿಂದ ನಮ್ಮ ಬಂಡಿ ಕಲ್ಲು ಹೇರೂದಿಲ್ರಿ. ಗ್ವಾಡಿ ಹೆಂಗ ಏಳಸ್ತೀರಿ?"

ಗೋಡೆ ಆಗ ಭುಜದೆತ್ತರಕ್ಕಿತ್ತು. ಅಯ್ಯನವರು ಅದನ್ನೊಮ್ಮೆ ನೋಡಿದರು. "ಇಷ್ಟೇ ಸಾಕು. ಚಾವಣಿ ಹಾಕೋಣ."

ಕರಿಮಡ್ಡಿಯ ದೇವಾಲಯ ಇಂದಿಗೂ ನೆಲಕ್ಕೆ ಕುಳಿತಂತೆ ಕಾಣುವುದೂ, ಅದರ ಬಾಗಿಲು ತಗ್ಗಾಗಿರುವುದೂ ಅದಕ್ಕೇ. ಕೂಲಿ ಕಡಿಮೆಯಾಗಿ ಅಲ್ಲ, ಕಲ್ಲು ಸಿಗದೆ ಅಲ್ಲ; ದೊಡ್ಡವರ ಹೊಟ್ಟೆಯೊಳಗಿನ ಹೊಲಸು ಹೋಗದೆ.

ಪ್ರತಿಷ್ಠೆಯ ದಿನ ಮೇಲಿನ ಕೇರಿಯ ಒಬ್ಬರೂ ಬರಲಿಲ್ಲ. ಅಯ್ಯನವರು ಕಲ್ಲಿನ ಕುಳಿಯಲ್ಲಿ ರೊಟ್ಟಿ ಇಟ್ಟು ಮುರಿದರು. ಮೊದಲ ತುಣುಕು ಮಾರ್ಥವ್ವನಿಗೆ. ಅಲ್ಲಿಯವರೆಗೆ ಜೋಪಡಿಯಲ್ಲಿ ನಡೆಯುತ್ತಿದ್ದ ಆರಾಧನೆಯಲ್ಲಿ ಬಾಗಿಲಾಚೆ ಕೂತು, ಎಲ್ಲರದಾದ ಮೇಲೆ ಬೇರೆ ಬಟ್ಟಲಲ್ಲಿ ದ್ರಾಕ್ಷಾರಸ ಪಡೆಯುತ್ತಿದ್ದವಳು, ಗಂಡನ ಕೈ ಸವೆಸಿದ ಆ ಕುಳಿಗೆ ಅಂಗೈ ಒತ್ತಿ ಅತ್ತಳು. ತಲೆಯೆತ್ತಿದಾಗ ಅಯ್ಯನವರ ಕಣ್ಣಲ್ಲೂ ನೀರಿತ್ತು. ಅವರು ನೋಡುತ್ತಿದ್ದುದು ಮೇಲಿನ ಕೇರಿಯವರಿಗೆಂದು ಬಿಟ್ಟಿದ್ದ ಮುಂದಿನ ಖಾಲಿ ಸಾಲನ್ನು.

"ನಮ್ಮನ್ನ ತುಳದವರ ಸಲುವಾಗಿ ಅಳ್ತೀರೇನ್ರಿ?" ಎಂದಳು ಸಿಟ್ಟಿನಿಂದ.

"ಅವರೂ ನನ್ನ ಮಕ್ಕಳೇ, ತಾಯಿ."

ಆ ಸಾಲನ್ನು ಅಯ್ಯನವರು ಕೊನೆಯವರೆಗೂ ಖಾಲಿ ಉಳಿಸಿದರು. ಗೌಡರು ಬರಲೇ ಇಲ್ಲ. ಕಾದು ಕಾದು ಅಯ್ಯನವರೇ ಕರ್ತನ ಬಳಿಗೆ ಹೋದರು. ಆಮೇಲೆ ಅದನ್ನು ಕಾದವಳು ಮಾರ್ಥವ್ವ. ಯಾರಾದರೂ ಅಲ್ಲಿ ಕೂರಲು ಹೋದರೆ ತಡೆಯುತ್ತಿದ್ದಳು.

"ಜಾಗ ಬಿಡಪಾ, ಅವರು ಬರೋರದಾರ. ಬಾಗಿಲ ತಗ್ಗೈತಿ, ಬಗ್ಗಿ ಬರ್ತಾರ."