ದುಬಾರಿ ಗ್ರಂಥವೂ ಅದರ ಜೆರಾಕ್ಸ್ ಪ್ರತಿಯೂ

ಗ್ರಂಥಾಲಯದ ಮೇಜಿನ ಮೇಲೆ ಒಂಬತ್ತು ಸಾವಿರ ರೂಪಾಯಿಯ ಸಂಶೋಧನಾ ಗ್ರಂಥವಿತ್ತು. ಪಕ್ಕದಲ್ಲೇ ಅದರ ಜೆರಾಕ್ಸ್ ಪ್ರತಿ, ಸ್ಪೈರಲ್ ಹಾಕಿಸಿಕೊಂಡು ಕೂತಿತ್ತು.

"ಕಳ್ಳ ಪ್ರತಿಯೇ, ದೂರ ಸರಿ!" ಎಂದಿತು ಗ್ರಂಥ.

"ಸರಿಯುತ್ತೇನೆ ಸ್ವಾಮಿ. ಆದರೆ ಸಂಶೋಧಕಿ ವಿಮಲಾಕ್ಷಿ ಇತ್ತಲೇ ಬರುತ್ತಿದ್ದಾರೆ. ತಾವೇಕೆ ನಡುಗುತ್ತಿದ್ದೀರಿ?"

"ನಿನ್ನನ್ನು ತೆಗೆಯುವಾಗ ಜೆರಾಕ್ಸ್ ಯಂತ್ರದ ಮೇಲೆ ಒಮ್ಮೆ ಒತ್ತಿದ್ದಕ್ಕೇ ಬೆನ್ನಿನ ಅಂಟು ಬಿಟ್ಟಿದೆ. ಒಳಗೆ ಹೊಲಿಗೆಯೇ ಇಲ್ಲ. ಇನ್ನೊಮ್ಮೆ ಬಿಚ್ಚಿದರೆ ನನ್ನ ಕತೆ ಮುಗಿಯಿತು."

ವಿಮಲಾಕ್ಷಿ ಗ್ರಂಥವನ್ನು ಬಿಚ್ಚಿ ಅಂಗೈಯಿಂದ ಒತ್ತಿದರು. ಬೆನ್ನು ಲಟಕ್ಕೆಂದಿತು. ಒಂದು ಹಾಳೆ ಕಳಚಿ, ಫ್ಯಾನಿನ ಗಾಳಿಗೆ ಕಿಟಕಿಯಾಚೆ ಹಾರಿಹೋಯಿತು.

ಗ್ರಂಥಪಾಲಕರು ಜೆರಾಕ್ಸ್ ಪ್ರತಿಯಿಂದ ಆ ಹಾಳೆಯನ್ನು ಮತ್ತೆ ಜೆರಾಕ್ಸ್ ಮಾಡಿಸಿ, ಮೈದಾ ಅಂಟು ಹಚ್ಚಿ ಗ್ರಂಥದೊಳಗೆ ಕೂರಿಸಿದರು.

"ಈಗ ದೂರ ಸರಿಯಲೇ ಸ್ವಾಮಿ?" ಎಂದಿತು ಪ್ರತಿ.

"ಬೇಡಪ್ಪಾ, ಇಲ್ಲೇ ಇರು," ಎಂದಿತು ಗ್ರಂಥ. "ಇನ್ನೂ ನಾನೂರು ಪುಟ ಸಡಿಲವಾಗಿವೆ."