ಎರಡು ಖಕಾರಗಳು

ಶಿಷ್ಯ ಕೇಳಿದ: “ಗುರುಗಳೇ, ರಷ್ಯನ್ನರ ಖಕಾರ, ಸ್ಪೇನಿನವರ ಖಕಾರ ಎರಡೂ ನನಗೆ ಒಂದೇ ಥರ ಕೇಳಿಸುತ್ತವೆ. ವ್ಯತ್ಯಾಸ ಹಿಡಿಯಲು ಕಿವಿಯನ್ನು ಹೇಗೆ ಪಳಗಿಸಲಿ?”

ಗುರುಗಳು ವಿದೇಶಿ ಭಾಷೆಗಳನ್ನು ಕಲಿಸುತ್ತಲೇ ತಲೆ ನರೆಸಿಕೊಂಡವರು. “ನಿನಗಿಂತ ಚೆನ್ನಾಗಿ ಪಳಗಿದ ಕಿವಿಯೊಂದರ ಕತೆ ಹೇಳುತ್ತೇನೆ, ಕೇಳು,” ಎಂದರು.

ಒಂದು ಬಂದರಿನಲ್ಲಿ ಒಬ್ಬ ಪಂಡಿತನಿದ್ದ. ಎರಡೂ ಭಾಷೆ ಬಲ್ಲವನು. ಗಂಟಲನ್ನು ಉಜ್ಜಿಕೊಂಡು ಹೊರಡುವ ಖಕಾರ ಎರಡರಲ್ಲೂ ಇದೆ. ಯಾವುದು ಎಷ್ಟು ಒರಟು ಎಂದು ತೂಗಿ ನೋಡುವುದೇ ಅವನ ಹಂಬಲ. ಒಂದು ವರ್ಷ ಹಡಗಿನವರಿಗೆ ಕಾಲರಾ ತಗುಲಿತು. ಬಂದರಿನ ಆಸ್ಪತ್ರೆಯಲ್ಲಿ ಒಬ್ಬ ರಷ್ಯನ್ ನಾವಿಕ, ಒಬ್ಬ ಸ್ಪೇನಿನ ನಾವಿಕ ಅಕ್ಕಪಕ್ಕದ ಮಂಚಗಳಲ್ಲಿ ಮಲಗಿದ್ದಾರೆಂದು ತಿಳಿದು ಪಂಡಿತ ಪುಸ್ತಕ ಹಿಡಿದು ಓಡಿದ. ಇಂಥ ಜೋಡಿ ಮತ್ತೆಲ್ಲಿ ಸಿಗಬೇಕು?

ಅವನನ್ನು ಕಂಡು ದಾದಿಗೆ ಸಮಾಧಾನವಾಯಿತು. “ಇವರ ಮಾತು ನಮಗೆ ತಿಳಿಯುವುದಿಲ್ಲ ಸ್ವಾಮಿ. ಸ್ಪೇನಿನವನ ಮೈಯಲ್ಲಿ ನೀರೇ ಉಳಿದಿಲ್ಲ. ಏನು ಕೇಳಿದರೂ ಕೊಡಿ, ನಾನು ಆಚೆ ಕೋಣೆ ನೋಡಿ ಬರುತ್ತೇನೆ,” ಎಂದು ಹೋದಳು.

ಪಂಡಿತ ಮುಕ್ಕಾಲಿಯ ಮೇಲಿದ್ದ ನೀರಿನ ಹೂಜಿಯನ್ನು ಎತ್ತಿ ಕಿಟಕಿಯಲ್ಲಿಟ್ಟು, ಆ ಜಾಗದಲ್ಲಿ ಪುಸ್ತಕ ಬಿಚ್ಚಿದ. ರಷ್ಯನ್ ಚೇತರಿಸಿಕೊಳ್ಳುತ್ತಿದ್ದ. ಹೇಗಿದ್ದೀಯ ಎಂದರೆ “ಖರಶೋ” ಎಂದ, ಚೆನ್ನಾಗಿದ್ದೇನೆ ಎಂದು. ಪಂಡಿತ ಬರೆದುಕೊಂಡ. ಸ್ಪೇನಿನವನು ಕಿಟಕಿಯತ್ತ ಕೈಯೆತ್ತಿ “ಖರ್ರಾ” ಎಂದ. ಹೂಜಿ ಎಂದರ್ಥ. ಪಂಡಿತನ ಮೈ ಜುಮ್ಮೆಂದಿತು. ಎರಡು ಭಾಷೆ, ಎರಡು ಪದ, ಮೊದಲಲ್ಲಿ ಅದೇ ಖಕಾರ.

“ಇನ್ನೊಂದು ಸಲ ಹೇಳಪ್ಪ,” ಎಂದ.

ಅವನು ಹೇಳಿದ. ಈ ಸಲ ಧ್ವನಿ ಇನ್ನೂ ಒರಟಾಗಿತ್ತು. ಪಂಡಿತ ಗುರುತು ಹಾಕಿಕೊಂಡು ಮತ್ತೊಮ್ಮೆ ಹೇಳಿಸಿದ. ಮೂರನೆಯ ಸಲ ಗಂಟಲು ಕೆರೆದ ಸದ್ದಷ್ಟೇ ಬಂತು. ಪದದ ಅರ್ಥ ಆ ಮಹಾಶಯನಿಗೆ ಗೊತ್ತಿರಲಿಲ್ಲವೆಂದಲ್ಲ, ಚೆನ್ನಾಗಿಯೇ ಗೊತ್ತಿತ್ತು. ಆ ಹೊತ್ತಿಗೆ ಅವನಿಗೆ ಅರ್ಥ ಬೇಕಿರಲಿಲ್ಲ, ಅಷ್ಟೇ. 

ಒಂದಕ್ಷರ ಸ್ಪ್ಯಾನಿಷ್ ಬಾರದ ರಷ್ಯನ್ ಮಂಚದಿಂದ ಇಳಿದ. ಕಾಲು ನಿಲ್ಲದೆ ತೆವಳಿಕೊಂಡೇ ಕಿಟಕಿಗೆ ಹೋಗಿ, ಹೂಜಿ ತಂದು ಸ್ಪೇನಿನವನ ಬಾಯಿಗೆ ಹಿಡಿದ. ನೀರು ಕಟವಾಯಿಯಿಂದ ಇಳಿದು ದಿಂಬು ನೆನೆಯಿತು. ಪ್ರಾಣ ಆಗಲೇ ಹೋಗಿತ್ತು.

ಪಂಡಿತನ ಪುಸ್ತಕ ಅಚ್ಚಾಯಿತು. ಸ್ಪೇನಿನವರ ಖಕಾರ ರಷ್ಯನ್ನರದಕ್ಕಿಂತ ಬಲು ಒರಟು ಎಂದು ಅದರಲ್ಲಿ ಬರೆದಿದ್ದ. ಅದಕ್ಕೆ ಆ ಮೂರು ಉಚ್ಚಾರಗಳೇ ಆಧಾರ. ವಿದ್ವಾಂಸರು ತಲೆದೂಗಿದರು.

ಗುರುಗಳು ಕತೆ ಮುಗಿಸಿದರು. ಶಿಷ್ಯ ಕೇಳಿದ: “ಹಾಗಾದರೆ ಗುರುಗಳೇ, ಮೂರನೆಯ ಸಲ ಬಂದದ್ದೇ ಸರಿಯಾದ ಸ್ಪ್ಯಾನಿಷ್ ಖಕಾರವೇ?”

“ಅಲ್ಲ, ಅದು ನೀರು ಸಿಗದವನ ಖಕಾರ,” ಎಂದರು ಗುರುಗಳು.