ಬಾಲವಿಲ್ಲದವನ ಗುರುತು

ಕೈತೋಟದ ಕೊಳದಲ್ಲಿ ಒಂದು ಮುದಿ ಬಸವನಹುಳು ಇತ್ತು. ಅದರ ಬೆನ್ನ ಚಿಪ್ಪಿನಲ್ಲಿ ಪಾಚಿ ಮುಚ್ಚಿದ ಒಂದು ಬಿರುಕು. ಅಲ್ಲಿ ಏನು ತಗುಲಿದರೂ ಜೀವ ಹೋಗುವಷ್ಟು ನೋವು. ಇದು ಗೊತ್ತಿದ್ದದ್ದು ಒಂದು ಗೊದಮೊಟ್ಟೆಗೆ ಮಾತ್ರ. ಅದು ದಿನಾ ಬೆಳಿಗ್ಗೆ ಬಂದು ಬಿರುಕನ್ನು ಬಿಟ್ಟು ಉಳಿದ ಪಾಚಿಯನ್ನು ಮೇಯ್ದು ಹೋಗುತ್ತಿತ್ತು. ಈಚೆಗೆ ಅದರ ಸುಳಿವೇ ಇರಲಿಲ್ಲ. ಬಸವನಹುಳು ಯಾರಿಗೂ ಹೇಳದೆ ಕಾಯುತ್ತಿತ್ತು.

ಒಂದು ದಿನ ಗಪ್ಪಿ ಮೀನು ಕೂಗಿಕೊಂಡು ಬಂತು. "ಅಜ್ಜೀ, ಹೊರಗಿನವನೊಬ್ಬ ನುಗ್ಗಿದ್ದಾನೆ! ನಾಲ್ಕು ಕಾಲು, ಅಗಲ ಬಾಯಿ. ನಿನ್ನ ಗೊದಮೊಟ್ಟೆ ನಾನೇ ಅಂತ ಸುಳ್ಳು ಬೇರೆ. ಅವನಿಗೆ ಬಾಲ ಇತ್ತು, ಕಾಲೆಲ್ಲಿತ್ತು? ಇವನೇ ಅವನನ್ನು ನುಂಗಿರಬೇಕು. ಎಲ್ಲರೂ ಸೇರಿ ಓಡಿಸೋಣ!"

ಹಿಂದೆಯೇ ಮರಿಗಪ್ಪೆಯೊಂದು ಅಳುಮುಖ ಮಾಡಿಕೊಂಡು ಬಂತು. "ಅಜ್ಜೀ, ನಾನೇ. ಈ ಕಾಲು ಹೇಗೆ ಬಂತೋ ನನಗೂ ಗೊತ್ತಿಲ್ಲ."

"ನನ್ನ ಕಣ್ಣು ಮಂಜು. ನೋಡಿ ಹೇಳುವುದು ನನ್ನಿಂದಾಗದು. ಬಾ, ಬೆನ್ನ ಮೇಲೆ ಹತ್ತು" ಎಂದಿತು ಬಸವನಹುಳು.

ಮರಿಗಪ್ಪೆ ಹತ್ತಿತು. ಒಂದೊಂದೇ ಕಾಲನ್ನು ತಡವಿ ತಡವಿ ಊರಿತು. ಬಿರುಕಿನ ಮೇಲೆ ಒಂದೂ ಬೀಳಲಿಲ್ಲ.

"ಇವನು ನಮ್ಮವನೇ" ಎಂದಿತು ಬಸವನಹುಳು.

"ಹಾಗಾದರೆ ಬಾಲ ಎಲ್ಲಿ?" ಮೀನು ಬಿಡಲಿಲ್ಲ.

"ಬೇಕಾದರೆ ನೀನೇ ಹುಡುಕಿಕೋ, ಹೋಗು" ಎಂದು ಅದನ್ನು ಗದರಿ, ಬಸವನಹುಳು ಬೆನ್ನ ಮೇಲಿದ್ದವನಿಗೆ ಮೆಲ್ಲಗೆ ಹೇಳಿತು: "ಭಾರ ಆಗಿದ್ದೀಯಲ್ಲೋ. ಇಳೀಬೇಡ, ಇನ್ನಷ್ಟು ಹೊತ್ತು ಕೂತಿರು."